ಎರಡು ಟ್ರಾನ್ಸಿಸ್ಟರುಗಳ ಒಡಕು ದನಿ

ವಿದ್ಯುತ್ ಗಿಟಾರಿನ ತಂತಿಯನ್ನು ಮೀಟಿದಾಗ ಅದರ ಕೆಳಗಿರುವ ಪಿಕಪ್, ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳು ತಾಮ್ರತಂತಿಯ ಸುರುಳಿ, ಆ ಕಂಪನವನ್ನು ನೂರು ಮಿಲಿವೋಲ್ಟಿನ ಆಸುಪಾಸಿನ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಈ ಸಂಕೇತವು ಆಂಪ್ಲಿಫೈಯರನ್ನು ಸೇರುವ ಮುನ್ನ ಅದರ ರೂಪವನ್ನು ಬೇಕೆಂದೇ ಬದಲಿಸುವ, ನುಡಿಸುವವರು ಕಾಲಿನಿಂದ ಒತ್ತಿ ಚಾಲೂ ಮಾಡುವ ಪುಟ್ಟ ಪೆಟ್ಟಿಗೆಗೆ ಎಫೆಕ್ಟ್ಸ್ ಪೆಡಲ್ ಎನ್ನುತ್ತಾರೆ. ಇಂಥ ಪೆಡಲುಗಳಲ್ಲಿ ಅತ್ಯಂತ ಹಳೆಯ ಬಗೆಗಳಲ್ಲಿ ಒಂದಾದ ಫಝ್, ನಾದವನ್ನು ಒಡೆದು ಒರಟಾಗಿಸುತ್ತದೆ. ಮನೆಯಲ್ಲಿ ಕೂತು ಪೆಡಲ್ ಕಟ್ಟಲು ಹೊರಟವರಲ್ಲಿ ಬಹಳ ಮಂದಿ ಮೊದಲು ಕೈಹಾಕುವುದು ಇದಕ್ಕೇ, ಏಕೆಂದರೆ ಅದರ ಒಂದು ಪ್ರಸಿದ್ಧ ರೂಪವಾದ ಫಝ್ ಫೇಸ್‌ನಲ್ಲಿ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ತಿರುಗಿಸುವ ಎರಡು ಗುಂಡಿ, ಹೀಗೆ ಎಲ್ಲ ಸೇರಿ ಹನ್ನೊಂದೇ ಬಿಡಿಭಾಗಗಳಿವೆ. ಹನ್ನೊಂದು ಭಾಗಗಳನ್ನು ನಕ್ಷೆಯಲ್ಲಿದ್ದಂತೆ ಜೋಡಿಸಿದ ಮೇಲೂ ಪೆಡಲ್ ಮೌನವಾಗಿರುವುದು ಅಥವಾ ಬಿಕ್ಕಳಿಸುವುದು ಸಾಮಾನ್ಯ ಅನುಭವ. ಹಾಗೆ ಕೈಕೊಟ್ಟ ಪೆಡಲಿನ ದೋಷವನ್ನು ಅಳೆದು ಹುಡುಕುವ ಕೆಲಸದಲ್ಲೇ ಈ ಸರ್ಕ್ಯೂಟಿನ ನಿಜವಾದ ಪರಿಚಯವಾಗುತ್ತದೆ. ಬಿಡಿಭಾಗದ ಮೈಮೇಲೆ ಅಚ್ಚಾದ ಬೆಲೆಗಿಂತ ಅದು ಸರ್ಕ್ಯೂಟಿನಲ್ಲಿ ಕೂತಾಗ ತೋರಿಸುವ ವೋಲ್ಟೇಜು ಇಲ್ಲಿ ಹೆಚ್ಚು ನಂಬಲರ್ಹವಾದದ್ದು.

ಒಡೆದ ನಾದಕ್ಕೆ ಬೇಡಿಕೆ ಹುಟ್ಟಿದ್ದೇ ಒಂದು ಕೆಟ್ಟ ಉಪಕರಣದಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಧ್ವನಿಮುದ್ರಣಗೊಂಡು 1961ರಲ್ಲಿ ಬಿಡುಗಡೆಯಾದ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನಲ್ಲಿ ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರಿನ ಭಾಗವು ಧ್ವನಿಮುದ್ರಣ ಕನ್ಸೋಲಿನ ಕೆಟ್ಟುಹೋದ ಒಂದು ಚಾನೆಲಿನ ಮೂಲಕ ಹಾದು ಗೊರಗೊರ ಎನ್ನುವ ದನಿಯಾಗಿ ದಾಖಲಾಯಿತು. ಅದನ್ನು ಅಳಿಸಿಹಾಕದೆ ಉಳಿಸಿಕೊಂಡದ್ದರಿಂದ ಹಾಡಿಗೆ ಹೊಸ ಬಣ್ಣ ಬಂತು, ಇತರ ಕಲಾವಿದರೂ ಅದೇ ದನಿಯನ್ನು ಕೇಳತೊಡಗಿದರು. ಆ ಚಾನೆಲ್ ಪೂರ್ತಿ ಕೆಟ್ಟ ಬಳಿಕ ಧ್ವನಿಮುದ್ರಣದ ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ದನಿಯನ್ನು ಟ್ರಾನ್ಸಿಸ್ಟರುಗಳಿಂದ ಹೊರಡಿಸುವ ಸರ್ಕ್ಯೂಟೊಂದನ್ನು ರೂಪಿಸಿದರು. ಅದು ಗಿಬ್ಸನ್ ಕಂಪನಿಯ ಮೂಲಕ 1962ರಲ್ಲಿ ಮೈಸ್ಟ್ರೋ ಫಝ್-ಟೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಆ ಪೆಟ್ಟಿಗೆಯ ದನಿಯನ್ನು ಜಗತ್ತಿಗೆಲ್ಲ ಮುಟ್ಟಿಸಿತು. ಮರುವರ್ಷ, 1966ರಲ್ಲಿ, ಲಂಡನ್ನಿನಲ್ಲಿ ಐವರ್ ಆರ್ಬಿಟರ್ ಅವರ ಕಂಪನಿ ಮೈಕ್ ಸ್ಟ್ಯಾಂಡಿನ ದುಂಡು ಪಾದವನ್ನು ಹೋಲುವ ಎರಕದ ಪೆಟ್ಟಿಗೆಯಲ್ಲಿ ಫಝ್ ಫೇಸ್ ಅನ್ನು ಹೊರತಂದಿತು. ಜಿಮಿ ಹೆಂಡ್ರಿಕ್ಸ್ ಅದನ್ನು ತಮ್ಮ ಗಿಟಾರಿನ ಖಾಯಂ ಸಂಗಾತಿಯನ್ನಾಗಿ ಮಾಡಿಕೊಂಡದ್ದರಿಂದ ಈ ಹನ್ನೊಂದು ಭಾಗಗಳ ಸರ್ಕ್ಯೂಟು ರಾಕ್ ಸಂಗೀತದ ಇತಿಹಾಸದಲ್ಲಿ ಸ್ಥಾನ ಪಡೆಯಿತು.

ನಾದ ಒಡೆಯುವುದೆಂದರೆ ಭೌತಿಕವಾಗಿ ಏನಾಗುತ್ತದೆ ಎಂಬುದನ್ನು ತಿಳಿದರೆ ಮುಂದಿನದು ಸುಲಭವಾಗುತ್ತದೆ. ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ನಡೆಯುವ ಯಾವ ವರ್ಧಕವೂ ಆ ಒಂಬತ್ತು ವೋಲ್ಟಿನ ಎಲ್ಲೆಯನ್ನು ದಾಟಿ ಸಂಕೇತವನ್ನು ಹಿಗ್ಗಿಸಲಾರದು. ಹಿಗ್ಗಿಸುವ ಪ್ರಮಾಣ ಅತಿಯಾದಾಗ ಅಲೆಯ ನೆತ್ತಿಯೂ ತಳವೂ ಆ ಎಲ್ಲೆಗೆ ಬಡಿದು ಚಪ್ಪಟೆಯಾಗುತ್ತವೆ. ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ನಯವಾದ ಅಲೆ ಹೀಗೆ ಚೌಕಾಕಾರಕ್ಕೆ ತಿರುಗಿದಾಗ ಮೂಲ ಕಂಪನದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಉಪಸ್ವರಗಳು ಹೊಸದಾಗಿ ಹುಟ್ಟುತ್ತವೆ: ನೆತ್ತಿ ಮತ್ತು ತಳ ಸಮನಾಗಿ ಚಪ್ಪಟೆಯಾದರೆ ಬೆಸ ಸಂಖ್ಯೆಯ ಉಪಸ್ವರಗಳಷ್ಟೇ, ಅಸಮನಾಗಿ ಚಪ್ಪಟೆಯಾದರೆ ಸಮಸಂಖ್ಯೆಯವೂ. ಒಟ್ಟಿಗೆ ಎರಡು ತಂತಿ ಮೀಟಿದಾಗ ಎರಡು ಕಂಪನಗಳ ಮೊತ್ತ ಮತ್ತು ವ್ಯತ್ಯಾಸಕ್ಕೆ ಸಮನಾದ ಕಂಪನಗಳೂ ಸೇರಿಕೊಳ್ಳುತ್ತವೆ. 440 ಹರ್ಟ್ಸಿನ ಷಡ್ಜಕ್ಕೆ 660 ಹರ್ಟ್ಸಿನ ಪಂಚಮ ಜೊತೆಗೂಡಿದರೆ ಹುಟ್ಟುವ 220, 1100 ಮೊದಲಾದ ಕಂಪನಗಳೆಲ್ಲ ಒಂದೇ ಶ್ರುತಿಯ ಕುಟುಂಬಕ್ಕೆ ಸೇರುತ್ತವೆ. ಅದೇ ಗಿಟಾರಿನಲ್ಲಿ ಅಂತರ ಗಾಂಧಾರದ ಜಾಗಕ್ಕೆ ಬರುವ ಸ್ವರ 550ಕ್ಕೆ ನಿಲ್ಲದೆ ಸುಮಾರು 554 ಹರ್ಟ್ಸಿನಲ್ಲಿರುವುದರಿಂದ ವ್ಯತ್ಯಾಸದ ಕಂಪನಗಳು ಒಂದಕ್ಕೊಂದು ಹೊಂದದೆ ಗೊಂದಲವಾಗುತ್ತದೆ. ಫಝ್ ಹಾಕಿಕೊಂಡು ನುಡಿಸುವವರು ಷಡ್ಜ-ಪಂಚಮಗಳ ಜೋಡಿಯನ್ನು ಆಯ್ದು ಗಾಂಧಾರವನ್ನು ಬಿಡುವುದಕ್ಕೆ ಇದೇ ಕಾರಣ. ಹೊಸಬರು ಪೂರ್ಣ ಸ್ವರಮೇಳ ಬಾರಿಸಿ ಕಲಸುಮೇಲೋಗರ ಕೇಳಿ ಬಂದಾಗ ಪೆಡಲಿನಲ್ಲಿ ದೋಷವಿದೆಯೆಂದು ಬಿಚ್ಚಿ ಕೂರುವುದುಂಟು. ಅದು ದೋಷವಲ್ಲ, ಗಣಿತ.

ಸರ್ಕ್ಯೂಟಿನ ಒಳಗೆ ಸಂಕೇತದ ಪಯಣ ಹೀಗೆ ಸಾಗುತ್ತದೆ. ಟ್ರಾನ್ಸಿಸ್ಟರಿಗೆ ಮೂರು ಕಾಲುಗಳು: ಬೇಸ್ ಎಂಬ ಕಾಲಿಗೆ ಕೊಟ್ಟ ಅತ್ಯಲ್ಪ ವಿದ್ಯುತ್ತು, ಕಲೆಕ್ಟರ್ ಮತ್ತು ಎಮಿಟರ್ ಎಂಬ ಉಳಿದೆರಡು ಕಾಲುಗಳ ನಡುವೆ ಹರಿಯುವ ಹೆಚ್ಚಿನ ವಿದ್ಯುತ್ತನ್ನು ಹತೋಟಿಯಲ್ಲಿಡುತ್ತದೆ, ಮತ್ತು ಬೇಸಿನ ವಿದ್ಯುತ್ತಿಗಿಂತ ಕಲೆಕ್ಟರಿನ ವಿದ್ಯುತ್ತು ಎಷ್ಟು ಪಟ್ಟು ಹೆಚ್ಚೆಂಬುದೇ ಆ ಟ್ರಾನ್ಸಿಸ್ಟರಿನ ಗೇನ್. ಗಿಟಾರಿನಿಂದ ಬಂದ ಸಂಕೇತ 2.2 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ದಾಟಿ ಮೊದಲ ಟ್ರಾನ್ಸಿಸ್ಟರಿನ ಬೇಸಿಗೆ ಸೇರುತ್ತದೆ. ಆ ಟ್ರಾನ್ಸಿಸ್ಟರಿನ ಕಲೆಕ್ಟರ್ ಒಂದು ಕಡೆ 33 ಕಿಲೋ ಓಮ್‌ನ ರೆಸಿಸ್ಟರ್ ಮೂಲಕ ಬ್ಯಾಟರಿಗೂ ಇನ್ನೊಂದು ಕಡೆ ಎರಡನೆಯ ಟ್ರಾನ್ಸಿಸ್ಟರಿನ ಬೇಸಿಗೆ ನೇರವಾಗಿಯೂ ಸೇರಿಕೊಂಡಿದೆ. ಎರಡನೆಯದರ ಕಲೆಕ್ಟರಿನಿಂದ 8.2 ಕಿಲೋ ಓಮ್ ಮತ್ತು 470 ಓಮ್‌ಗಳ ಎರಡು ರೆಸಿಸ್ಟರುಗಳು ಸಾಲಾಗಿ ಬ್ಯಾಟರಿಯತ್ತ ಹೋಗುತ್ತವೆ. ಇವೆರಡರ ನಡುವಿನ ಗಂಟಿನಿಂದ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 500 ಕಿಲೋ ಓಮ್‌ನ ವಾಲ್ಯೂಮ್ ಗುಂಡಿಯ ಮೂಲಕ ದನಿ ಹೊರಬರುತ್ತದೆ. ಎರಡನೆಯ ಟ್ರಾನ್ಸಿಸ್ಟರಿನ ಎಮಿಟರ್ 1 ಕಿಲೋ ಓಮ್‌ನ ಫಝ್ ಗುಂಡಿಯ ಮೂಲಕ ಗ್ರೌಂಡಿಗೆ, ಅಂದರೆ ಸರ್ಕ್ಯೂಟಿನ ಎಲ್ಲ ಅಳತೆಗಳಿಗೆ ಶೂನ್ಯವೆಂದು ಒಪ್ಪಿಕೊಂಡ ತಂತಿಗೆ ಸೇರುತ್ತದೆ. ಗುಂಡಿಯ ನಡುಗಾಲಿನಿಂದ 20 ಮೈಕ್ರೋಫ್ಯಾರಡಿನ ಕೆಪಾಸಿಟರ್ ಗ್ರೌಂಡಿಗೆ ಇಳಿಯುತ್ತದೆ. ಕೊನೆಯದಾಗಿ ಅದೇ ಎಮಿಟರಿನಿಂದ 100 ಕಿಲೋ ಓಮ್‌ನ ಒಂದು ರೆಸಿಸ್ಟರ್ ಹಿಂದಕ್ಕೆ ಮೊದಲ ಟ್ರಾನ್ಸಿಸ್ಟರಿನ ಬೇಸಿಗೆ ಬರುತ್ತದೆ.

ಹಿಂದಕ್ಕೆ ಬರುವ ಆ ಒಂದು ರೆಸಿಸ್ಟರಿನಲ್ಲಿ ಇಡೀ ಸರ್ಕ್ಯೂಟಿನ ಜಾಣ್ಮೆ ಅಡಗಿದೆ. ಎರಡನೆಯ ಟ್ರಾನ್ಸಿಸ್ಟರ್ ಹೆಚ್ಚು ಹರಿದರೆ ಅದರ ಎಮಿಟರಿನ ವೋಲ್ಟೇಜು ಏರುತ್ತದೆ, ಅದರಿಂದ ಮೊದಲನೆಯದರ ಬೇಸಿಗೆ ಹೆಚ್ಚು ವಿದ್ಯುತ್ತು ಸಿಗುತ್ತದೆ, ಮೊದಲನೆಯದು ಹೆಚ್ಚು ಹರಿದು ಎರಡನೆಯದರ ಬೇಸಿನಿಂದ ವಿದ್ಯುತ್ತನ್ನು ಕಸಿದುಕೊಳ್ಳುತ್ತದೆ, ಹಾಗಾಗಿ ಎರಡನೆಯದು ಮತ್ತೆ ತಗ್ಗುತ್ತದೆ. ಪರಸ್ಪರ ಹಿಡಿದು ನಿಲ್ಲಿಸುವ ಈ ಏರ್ಪಾಟಿಗೆ ಋಣ ಹಿನ್ನುಣಿಕೆ ಎಂದು ಹೆಸರು. ಗಿಟಾರ್ ನುಡಿಯದೆ ಇರುವಾಗ ಸರ್ಕ್ಯೂಟು ಎಲ್ಲಿ ನೆಲೆ ನಿಲ್ಲುತ್ತದೋ ಆ ಸ್ಥಿತಿಯನ್ನು ಬಯಾಸ್ ಎನ್ನುತ್ತಾರೆ. ಅದನ್ನು ಕೆಲವೇ ಸಾಲುಗಳ ಲೆಕ್ಕದಿಂದ ಮೊದಲೇ ತಿಳಿಯಬಹುದು. 33 ಕಿಲೋ ಓಮ್‌ನ ಮೂಲಕ ಮೊದಲ ಟ್ರಾನ್ಸಿಸ್ಟರಿಗೆ ಸಿಗುವ ವಿದ್ಯುತ್ತು ಸುಮಾರು 0.25 ಮಿಲಿಆಂಪಿಯರ್. ಅದರ ಗೇನ್ 80 ಆಗಿದ್ದರೆ ಬೇಸಿಗೆ ಬೇಕಾದದ್ದು ಸುಮಾರು 3 ಮೈಕ್ರೋಆಂಪಿಯರ್, ಅಷ್ಟು ವಿದ್ಯುತ್ತು 100 ಕಿಲೋ ಓಮ್‌ನ ರೆಸಿಸ್ಟರಿನಲ್ಲಿ ಹಾಯುವಾಗ ಅಲ್ಲಿ ಬೀಳುವ ವೋಲ್ಟೇಜು 0.3, ಮೂಲ ಪೆಡಲಿನಲ್ಲಿದ್ದ, ಜರ್ಮೇನಿಯಂ ಎಂಬ ಅರೆವಾಹಕದಿಂದ ಮಾಡಿದ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವಿನದು ಸುಮಾರು 0.2. ಎರಡೂ ಕೂಡಿ ಎರಡನೆಯ ಟ್ರಾನ್ಸಿಸ್ಟರಿನ ಎಮಿಟರಿನಲ್ಲಿ ಅರ್ಧ ವೋಲ್ಟ್ ನಿಲ್ಲುತ್ತದೆ. 1 ಕಿಲೋ ಓಮ್‌ನ ಮೇಲೆ ಅರ್ಧ ವೋಲ್ಟ್ ಎಂದರೆ ಅರ್ಧ ಮಿಲಿಆಂಪಿಯರ್, ಅದು 8.67 ಕಿಲೋ ಓಮ್‌ನಲ್ಲಿ ಹರಿದಾಗ ಒಂಬತ್ತರಲ್ಲಿ ನಾಲ್ಕು ಚಿಲ್ಲರೆ ವೋಲ್ಟು ಕಳೆದು ಕಲೆಕ್ಟರಿನಲ್ಲಿ ಸುಮಾರು ನಾಲ್ಕೂವರೆ ವೋಲ್ಟು ಉಳಿಯುತ್ತದೆ. ಬ್ಯಾಟರಿಯ ಸರಿ ನಡುಮಧ್ಯದ ಈ ಅಂಕಿಯನ್ನೇ ಫಝ್ ಕಟ್ಟುವವರೆಲ್ಲ ಗುರಿಯಾಗಿಟ್ಟುಕೊಳ್ಳುತ್ತಾರೆ.

ಇದೇ ಲೆಕ್ಕವನ್ನು ಬೇರೆ ಗೇನ್ ಇಟ್ಟು ಮಾಡಿದರೆ ಹಲವು ಪೆಡಲುಗಳ ರೋಗ ತಾನಾಗಿ ಹೊರಬೀಳುತ್ತದೆ. ಮೊದಲ ಟ್ರಾನ್ಸಿಸ್ಟರಿನ ಗೇನ್ 150 ಇದ್ದರೆ ಎರಡನೆಯದರ ಕಲೆಕ್ಟರ್ ಸುಮಾರು 6 ವೋಲ್ಟಿಗೆ ಏರುತ್ತದೆ, 40 ಇದ್ದರೆ 2 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಮೊದಲನೆಯದಕ್ಕೆ 70ರಿಂದ 80ರ ಗೇನ್, ಎರಡನೆಯದಕ್ಕೆ 110ರಿಂದ 130ರ ಗೇನ್ ಇರಲಿ ಎಂಬ ಬಲ್ಲವರ ಸಲಹೆಯನ್ನು ಅನೇಕರು ಗುಟ್ಟಿನ ಮಂತ್ರದಂತೆ ಒಪ್ಪಿಸುತ್ತಾರೆ. ಮೊದಲ ಅಂಕಿಯ ಹಿಂದೆ ಇರುವುದು ಮೇಲಿನ ಸರಳ ಗುಣಾಕಾರ ಭಾಗಾಕಾರ ಮಾತ್ರ. ಇದೇ ಕಾರಣಕ್ಕೆ ಅರವತ್ತರ ದಶಕದ ಮೂಲ ಫಝ್ ಫೇಸ್‌ಗಳಲ್ಲೂ ಒಂದು ಇನ್ನೊಂದರಂತೆ ನುಡಿಯುತ್ತಿರಲಿಲ್ಲ, ಏಕೆಂದರೆ ಆಗಿನ ಜರ್ಮೇನಿಯಂ ಟ್ರಾನ್ಸಿಸ್ಟರುಗಳಲ್ಲಿ ಒಂದೇ ಹೆಸರಿನ, ಒಂದೇ ಕಾರ್ಖಾನೆಯ ಎರಡು ಕಾಳುಗಳ, ಅಂದರೆ ಎರಡು ಬಿಡಿ ಟ್ರಾನ್ಸಿಸ್ಟರುಗಳ, ಗೇನ್ ಬಹಳ ವ್ಯತ್ಯಾಸವಾಗುತ್ತಿತ್ತು.

ಆ ಮೂಲ ಪೆಡಲುಗಳಲ್ಲಿ ನ್ಯೂಮಾರ್ಕೆಟ್ ಕಂಪನಿಯ ಎನ್‌ಕೆಟಿ 275, ಇಲ್ಲವೇ ಎಸಿ 128 ಎಂಬ ಟ್ರಾನ್ಸಿಸ್ಟರುಗಳು ಇರುತ್ತಿದ್ದವು. ಎಸಿ 128 ಕರ್ನಾಟಕಕ್ಕೆ ಹೊಸದೇನಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನು, 1967ರಲ್ಲಿ ಸಿಲಿಕಾನ್ ಸಾಧನಗಳು ಮತ್ತು ಐಸಿಗಳ ತಯಾರಿಕೆಯನ್ನು ಆರಂಭಿಸಿತು. ಬಿಇಎಲ್ ಮುದ್ರೆ ಹೊತ್ತ ಎಸಿ ಸರಣಿಯ ಟ್ರಾನ್ಸಿಸ್ಟರುಗಳು ಆ ಕಾಲದ ರೇಡಿಯೊಗಳೊಳಗೆ ಕೂತು ಮನೆಮನೆಗಳಲ್ಲಿ ವಾರ್ತೆಯನ್ನೂ ಚಿತ್ರಗೀತೆಯನ್ನೂ ನುಡಿಸಿದವು. ಮೂಲೆ ಸೇರಿದ ಅಂಥ ರೇಡಿಯೊಗಳ ಹೊಟ್ಟೆಯಲ್ಲಿ ಇಂದಿಗೂ ಬಾಳಿಕೆಯ ಜರ್ಮೇನಿಯಂ ಸಿಗಬಹುದೆಂಬುದನ್ನು ರಾಜ್ಯದ ಪೆಡಲ್ ಕಟ್ಟುವವರು ಮರೆಯಬಾರದು. ಉಳಿದ ಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಸಾಲು ಸಾಕು. ಆದರೆ ಹಳೆಯ ಟ್ರಾನ್ಸಿಸ್ಟರಿನ ಹೆಸರು ಹೇಳಿ ಕೊಟ್ಟದ್ದನ್ನು ಯಾವ ಪೇಟೆಯಲ್ಲೇ ಆಗಲಿ ಅಳೆಯದೆ ನಂಬುವಂತಿಲ್ಲ, ಬೇರಾವುದೋ ಕಾಳಿನ ಮೈಯುಜ್ಜಿ ಬೇಡಿಕೆಯ ಹೆಸರು ಅಚ್ಚೊತ್ತುವ ದಂಧೆ ಜಗತ್ತಿನ ಎಲ್ಲೆಡೆ ಇದೆ.

ಅಳತೆಯಲ್ಲೂ ಒಂದು ಮೋಸವಿದೆ. ಜರ್ಮೇನಿಯಂ ಟ್ರಾನ್ಸಿಸ್ಟರಿನ ಬೇಸಿಗೆ ಏನೂ ಕೊಡದಿದ್ದರೂ ಕಲೆಕ್ಟರ್ ಮತ್ತು ಎಮಿಟರ್ ನಡುವೆ ಸ್ವಲ್ಪ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಇದಕ್ಕೆ ಸೋರಿಕೆ ಎನ್ನುತ್ತಾರೆ. ಅಗ್ಗದ ಮಲ್ಟಿಮೀಟರಿನಲ್ಲಿ ಗೇನ್ ಅಳೆಯಲೆಂದು ಇರುವ ತೂತಿಗೆ ಟ್ರಾನ್ಸಿಸ್ಟರನ್ನು ಚುಚ್ಚಿದರೆ ಅದು ಸೋರಿಕೆಯನ್ನೂ ಗೇನ್ ಎಂದೇ ಎಣಿಸಿ ದೊಡ್ಡ ಅಂಕಿ ತೋರಿಸುತ್ತದೆ. ಇದಕ್ಕೆ ಅಮೆರಿಕದ ಎಂಜಿನಿಯರ್ ಆರ್.ಜಿ. ಕೀನ್ ಪ್ರಚಾರಕ್ಕೆ ತಂದ ಸರಳ ಉಪಾಯವೊಂದಿದೆ. ಟ್ರಾನ್ಸಿಸ್ಟರಿನ ಎಮಿಟರನ್ನು ಒಂಬತ್ತು ವೋಲ್ಟಿನ ಬ್ಯಾಟರಿಯ ಒಂದು ತುದಿಗೂ, ಕಲೆಕ್ಟರನ್ನು 2,472 ಓಮ್‌ನ ಮೂಲಕ ಇನ್ನೊಂದು ತುದಿಗೂ ಸೇರಿಸಿ, ಬೇಸನ್ನು ಖಾಲಿ ಬಿಟ್ಟು ರೆಸಿಸ್ಟರಿನ ಮೇಲಿನ ವೋಲ್ಟೇಜನ್ನು ಓದಿದರೆ ಅದು ಸೋರಿಕೆಯ ಅಳತೆ, ಬಳಿಕ 2.2 ಮೆಗಾ ಓಮ್‌ನ ರೆಸಿಸ್ಟರಿನಿಂದ ಬೇಸಿಗೆ ಸುಮಾರು 4 ಮೈಕ್ರೋಆಂಪಿಯರ್ ಕೊಟ್ಟು ಮತ್ತೆ ಓದಿ, ಎರಡನೆಯದರಲ್ಲಿ ಮೊದಲನೆಯದನ್ನು ಕಳೆದು ನೂರರಿಂದ ಗುಣಿಸಿದರೆ ನಿಜವಾದ ಗೇನ್ ಸಿಗುತ್ತದೆ. ಬೇಸ್ ಖಾಲಿ ಇದ್ದಾಗ 0.25 ವೋಲ್ಟು, ಕೊಟ್ಟಾಗ 1.05 ವೋಲ್ಟು ಕಂಡರೆ ಸೋರಿಕೆ ಸುಮಾರು 100 ಮೈಕ್ರೋಆಂಪಿಯರ್, ಗೇನ್ 80. ವಿಚಿತ್ರವೆನಿಸುವ 2,472 ಎಂಬ ಸಂಖ್ಯೆಯನ್ನು ಆಯ್ದದ್ದೇ ಕೊನೆಯ ಗುಣಾಕಾರ ನೂರಕ್ಕೆ ಸರಿಹೊಂದಲೆಂದು; 2.4 ಕಿಲೋ ಓಮ್‌ಗೆ ಎಪ್ಪತ್ತರ ಸುಮಾರಿನ ಚಿಕ್ಕ ರೆಸಿಸ್ಟರೊಂದನ್ನು ಕೂಡಿಸಿ ಅದನ್ನು ಹೊಂದಿಸಿಕೊಳ್ಳಬಹುದು. ಅಳೆಯುವ ಮುನ್ನ ಟ್ರಾನ್ಸಿಸ್ಟರನ್ನು ಬೆರಳಿನಿಂದ ಮುಟ್ಟಿದ್ದರೆ ಮೈಶಾಖಕ್ಕೇ ಸೋರಿಕೆ ಏರುವುದರಿಂದ ಕೆಲವು ನಿಮಿಷ ತಣಿಯಲು ಬಿಡಬೇಕು. ಈ ಸೂಕ್ಷ್ಮತೆ ಬೆಸುಗೆಯಲ್ಲೂ ನೆನಪಿರಬೇಕು: ಜರ್ಮೇನಿಯಂ ಹೆಚ್ಚು ಬಿಸಿಯನ್ನು ತಾಳದು, ಹಾಗಾಗಿ ಟ್ರಾನ್ಸಿಸ್ಟರಿಗೆ ಸಾಕೆಟ್ ಹಾಕಿ ಎಲ್ಲ ಬೆಸುಗೆ ಮುಗಿದ ಮೇಲೆ ಚುಚ್ಚುವುದು ಲೇಸು. ಸಾಕೆಟ್ ಇದ್ದರೆ ಹತ್ತು ಕಾಳುಗಳನ್ನು ಬದಲಿಸಿ ಬದಲಿಸಿ ಕೇಳುವ ಸೌಕರ್ಯವೂ ಸಿಗುತ್ತದೆ.

ಪೆಡಲ್ ನುಡಿಯದಿದ್ದಾಗ ಹುಡುಕಾಟ ಸರ್ಕ್ಯೂಟಿನ ಹೊರಗಿನಿಂದ ಶುರುವಾಗಬೇಕು. ಕಾಲಿನ ಸ್ವಿಚ್ಚನ್ನು ಒತ್ತಿ ಫಝ್ ಅನ್ನು ದಾರಿಯಿಂದ ತಪ್ಪಿಸಿದಾಗ ಗಿಟಾರಿನ ಶುದ್ಧ ದನಿ ಕೇಳಿಸದಿದ್ದರೆ ತಪ್ಪು ಜಾಕ್ ಅಥವಾ ಸ್ವಿಚ್ಚಿನ ತಂತಿಗಳಲ್ಲಿದೆ, ಒಳಗಿನ ಬೋರ್ಡನ್ನು ಮುಟ್ಟುವ ಅಗತ್ಯವೇ ಇಲ್ಲ. ಶುದ್ಧ ದನಿ ಬಂದು ಫಝ್ ಮಾತ್ರ ಬಾರದಿದ್ದರೆ ಬ್ಯಾಟರಿಯ ವೋಲ್ಟೇಜು ಬೋರ್ಡಿಗೆ ಮುಟ್ಟಿದೆಯೇ ಎಂದು ನೋಡಬೇಕು. ಒಳಬರುವ ಜಾಕ್ ಸಾಮಾನ್ಯವಾಗಿ ಮೂರು ಸಂಪರ್ಕಗಳ ಸ್ಟೀರಿಯೊ ಜಾಕ್ ಆಗಿದ್ದು, ಗಿಟಾರಿನ ಪ್ಲಗ್ ತೂರಿದಾಗ ಅದರ ಲೋಹದ ಮೈ ಎರಡು ಸಂಪರ್ಕಗಳನ್ನು ಬೆಸೆದು ಬ್ಯಾಟರಿಯನ್ನು ಚಾಲೂ ಮಾಡುತ್ತದೆ. ಅಳೆಯುವಾಗ ಪ್ಲಗ್ ಹಾಕಿರದಿದ್ದರೆ ಎಲ್ಲೆಡೆ ಶೂನ್ಯವೇ ಕಾಣುತ್ತದೆ. ಎಸಿ 128 ಪಿಎನ್‌ಪಿ ಜಾತಿಯದು, ಅಂದರೆ ಇಲ್ಲಿ ಬ್ಯಾಟರಿಯ ಧನ ತುದಿಯೇ ಗ್ರೌಂಡ್. ಮೀಟರಿನ ಕೆಂಪು ಕಡ್ಡಿಯನ್ನು ಗ್ರೌಂಡಿಗೆ ಹಿಡಿದು ಕಪ್ಪು ಕಡ್ಡಿಯಿಂದ ಒಂದೊಂದೇ ಕಾಲನ್ನು ಮುಟ್ಟುತ್ತ ಹೋದರೆ ಅಂಕಿಗಳು ಗೊಂದಲವಿಲ್ಲದೆ ಓದಲು ಬರುತ್ತವೆ.

ಆ ಅಂಕಿಗಳು ಬಹಳಷ್ಟನ್ನು ಹೇಳುತ್ತವೆ. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಪೂರ್ತಿ ಒಂಬತ್ತು ವೋಲ್ಟು ಕಂಡರೆ ಅದು ಹರಿಯುತ್ತಲೇ ಇಲ್ಲವೆಂದರ್ಥ. ಆಗ ಮೊದಲನೆಯದರ ಕಲೆಕ್ಟರನ್ನು ನೋಡಬೇಕು, ಅಲ್ಲಿ ಶೂನ್ಯದ ಹತ್ತಿರದ ಅಂಕಿ ಇದ್ದರೆ ಒಂದೋ ಅದರ ಸೋರಿಕೆ ಅತಿಯಾಗಿದೆ, ಇಲ್ಲವೇ ಕಲೆಕ್ಟರ್ ಎಲ್ಲೋ ಬೆಸುಗೆಯ ಎಳೆಯಿಂದ ಗ್ರೌಂಡಿಗೆ ತಾಗಿದೆ, ಅದೂ ಅಲ್ಲದಿದ್ದರೆ 33 ಕಿಲೋ ಓಮ್‌ನ ರೆಸಿಸ್ಟರಿನ ಒಂದು ಕಾಲು ಬಿಟ್ಟುಕೊಂಡಿದೆ. ಇದಕ್ಕೆ ವಿರುದ್ಧವಾಗಿ ಎರಡನೆಯದರ ಕಲೆಕ್ಟರೂ ಎಮಿಟರೂ ಎರಡೂ 1.1 ವೋಲ್ಟಿನ ಆಸುಪಾಸಿನಲ್ಲಿ ಒಂದಾಗಿ ನಿಂತಿದ್ದರೆ ಅದು ಪೂರ್ತಿ ತೆರೆದುಕೊಂಡಿದೆ, ಅದನ್ನು ಹಿಡಿದು ನಿಲ್ಲಿಸಬೇಕಾದ ಮೊದಲನೆಯದು ಕೆಲಸ ಮಾಡುತ್ತಿಲ್ಲ. ಹಾಗಾಗಿ ಹುಡುಕಬೇಕಾದದ್ದು ಮೊದಲನೆಯದರ ಕಾಲುಗಳು ತಿರುಗಮುರುಗಾಗಿವೆಯೇ, 100 ಕಿಲೋ ಓಮ್‌ನ ದಾರಿ ಎಲ್ಲಾದರೂ ಕಡಿದಿದೆಯೇ ಎಂಬುದನ್ನು. ತಪ್ಪು ಕಂಡ ಜಾಗ ಒಂದು, ತಪ್ಪಿರುವ ಜಾಗ ಇನ್ನೊಂದು: ಹಿನ್ನುಣಿಕೆಯ ಸರ್ಕ್ಯೂಟಿನಲ್ಲಿ ಇದು ನಿಯಮವೇ ಆಗಿರುವುದರಿಂದ, ಅಂಕಿ ಕೆಟ್ಟಿರುವ ಟ್ರಾನ್ಸಿಸ್ಟರನ್ನೇ ಕಿತ್ತು ಬದಲಿಸುವ ಆತುರದಿಂದ ಒಳ್ಳೆಯ ಕಾಳುಗಳು ವೃಥಾ ಹಾಳಾಗುತ್ತವೆ.

ವೋಲ್ಟೇಜುಗಳೆಲ್ಲ ಸರಿಯಿದ್ದೂ ದನಿ ಬರದಿದ್ದರೆ ತಪ್ಪು ಸಂಕೇತದ ದಾರಿಯಲ್ಲಿದೆ, ಅಂದರೆ ಕೆಪಾಸಿಟರುಗಳಲ್ಲಿ, ವಾಲ್ಯೂಮ್ ಗುಂಡಿಯಲ್ಲಿ ಇಲ್ಲವೇ ಸ್ವಿಚ್ಚಿನಲ್ಲಿ. ಇದಕ್ಕೆ ಆಡಿಯೊ ಪ್ರೋಬ್ ಎಂಬ ಸಾಧನ ಬೇಕು, ಅದನ್ನು ಕಟ್ಟಲು ಹಳೆಯ ಗಿಟಾರ್ ಕೇಬಲ್ ಸಾಕು: ಅದರ ಒಂದು ತುದಿಯನ್ನು ಕತ್ತರಿಸಿ, ಹೊರ ಹೆಣಿಗೆಗೆ ಕ್ರೊಕೊಡೈಲ್ ಕ್ಲಿಪ್ ಹಾಕಿ ಗ್ರೌಂಡಿಗೆ ಕಚ್ಚಿಸಿ, ಒಳತಂತಿಗೆ 0.1 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಬೆಸೆದು ಅದರ ಇನ್ನೊಂದು ಕಾಲನ್ನು ಮುಟ್ಟುಕಡ್ಡಿಯಾಗಿ ಬಳಸಬೇಕು. ನೇರ ವಿದ್ಯುತ್ತನ್ನು ತಡೆದು ಸಂಕೇತವನ್ನಷ್ಟೇ ಬಿಡುವ ಆ ಕೆಪಾಸಿಟರ್ ಆಂಪ್ಲಿಫೈಯರನ್ನು ಕಾಯುತ್ತದೆ. ಯಾರಾದರೂ ತಂತಿ ಮೀಟುತ್ತಿರುವಾಗ ಮುಟ್ಟುಕಡ್ಡಿಯನ್ನು ಒಳಜಾಕಿನಿಂದ ಹೊರಜಾಕಿನತ್ತ ಹೆಜ್ಜೆ ಹೆಜ್ಜೆಯಾಗಿ ಒಯ್ದರೆ ಮೊದಲ ಬೇಸಿನಲ್ಲಿ ಕ್ಷೀಣ ದನಿ, ಮೊದಲ ಕಲೆಕ್ಟರಿನಲ್ಲಿ ಅದಕ್ಕಿಂತ ದಪ್ಪ ದನಿ, ಎರಡನೆಯ ಕಲೆಕ್ಟರಿನಲ್ಲಿ ಕಿವಿಗಡಚಿಕ್ಕುವ ಪೂರ್ಣ ಫಝ್ ಕೇಳಬೇಕು. ಹಾಗಾಗಿ ಆಂಪ್ಲಿಫೈಯರಿನ ವಾಲ್ಯೂಮನ್ನು ಮೊದಲೇ ತಗ್ಗಿಸಿಡುವುದು ಕ್ಷೇಮ. ಮುಂದಿನ ಗಂಟಿನಲ್ಲಿ, 470 ಓಮ್ ಮತ್ತು 8.2 ಕಿಲೋ ಓಮ್‌ನ ಹಂಚಿಕೆಯಿಂದಾಗಿ, ಸಂಕೇತ ಸುಮಾರು 18ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಫಝ್ ಹಾಕಿದಾಗ ದನಿ ಶುದ್ಧ ದನಿಗಿಂತ ಜೋರಾಗಲಿಲ್ಲವೆಂದು ಕೊರಗುವವರು ಆ 470 ಓಮ್‌ನ ಜಾಗದಲ್ಲಿ 1 ಕಿಲೋ ಓಮ್‌ ಇಟ್ಟರೆ ಹೊರಬರುವ ದನಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ದನಿ ಎಲ್ಲಿ ಕಡಿದುಹೋಯಿತೋ ಅಲ್ಲಿನ ಬೆಸುಗೆಯನ್ನು ನೋಡಬೇಕು: ಹೊಳಪಿಲ್ಲದ, ಮರಳುಮರಳಾದ, ಉಂಡೆಗಟ್ಟಿದ ಬೆಸುಗೆ ಹೊರಗೆ ಅಂಟಿಕೊಂಡಂತೆ ಕಂಡರೂ ಒಳಗೆ ಲೋಹಕ್ಕೆ ಬೆರೆತಿರುವುದಿಲ್ಲ, ಬೆಸುಗೆ ಕಡ್ಡಿಯಿಂದ ಮತ್ತೆ ಕಾಯಿಸಿ ಸ್ವಲ್ಪ ಹೊಸ ಬೆಸುಗೆ ಸೇರಿಸಿದರೆ ಸರಿಹೋಗುತ್ತದೆ. ತಾಮ್ರದ ಪಟ್ಟಿಗಳಿರುವ ವೆರೋಬೋರ್ಡಿನಲ್ಲಿ ಕಟ್ಟಿದ್ದರೆ ಪಟ್ಟಿಗಳ ನಡುವಿನ ಕಿರಿದಾದ ಸಂದಿಗಳಲ್ಲಿ ಚಾಕುವಿನ ಮೊನೆಯೆಳೆದು ಕಣ್ಣಿಗೆ ಕಾಣದ ಬೆಸುಗೆ ಎಳೆಗಳನ್ನು ಕಡಿಯುವುದರಿಂದಲೇ ಎಷ್ಟೋ ಪೆಡಲುಗಳು ಬಾಯಿಬಿಟ್ಟಿವೆ.

ದೋಷವೆಂದು ತೋರಿದರೂ ದೋಷವಲ್ಲದ ಸಂಗತಿಗಳೂ ಇವೆ. ಫಝ್ ಗುಂಡಿಯ ಮೂಲಕ ನೇರ ವಿದ್ಯುತ್ತು ಹರಿಯುವುದು ಈ ಸರ್ಕ್ಯೂಟಿನ ಸ್ವಭಾವವಾದ್ದರಿಂದ ಅದನ್ನು ತಿರುಗಿಸುವಾಗ ಸ್ವಲ್ಪ ಕರಕರ ಎನ್ನುವುದು ಸಹಜ. ಸ್ವಿಚ್ ಒತ್ತಿದಾಗ ಟಪ್ ಎಂಬ ಸದ್ದು ಬಂದರೆ ಒಳದಾರಿಯಿಂದ ಗ್ರೌಂಡಿಗೆ 1 ಮೆಗಾ ಓಮ್‌ನ ರೆಸಿಸ್ಟರ್ ಹಾಕಿದರೆ ಕೆಪಾಸಿಟರಿನಲ್ಲಿ ಕೂಡಿದ ವಿದ್ಯುತ್ತು ಇಳಿದುಹೋಗುತ್ತದೆ. ಮೊದಲ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವಿನ ಸಂಧಿ ಹಳೆಯ ರೇಡಿಯೊದ ಡಯೋಡಿನ ಕೆಲಸವನ್ನೇ ಮಾಡಬಲ್ಲುದು, ಗಿಟಾರಿನ ಉದ್ದನೆಯ ಕೇಬಲ್ ಏರಿಯಲ್ ಆಗಬಲ್ಲುದು. ಪ್ರಸಾರ ಕೇಂದ್ರ ಹತ್ತಿರವಿರುವ ಕಡೆ ಫಝ್ ಪೆಡಲಿನಿಂದ ಆಕಾಶವಾಣಿಯ ಮಧ್ಯಮ ತರಂಗದ ಕಾರ್ಯಕ್ರಮ ಕೇಳಿಬಂದರೆ ಅಚ್ಚರಿಪಡಬೇಕಿಲ್ಲ. ಲೋಹದ ಪೆಟ್ಟಿಗೆಯನ್ನು ಗ್ರೌಂಡಿಗೆ ಸೇರಿಸಿ, ಬೇಸ್ ಮತ್ತು ಕಲೆಕ್ಟರ್ ನಡುವೆ 47ರಿಂದ 100 ಪಿಕೋಫ್ಯಾರಡಿನ ಕೆಪಾಸಿಟರ್ ಇಟ್ಟರೆ ರೇಡಿಯೊ ಸದ್ದು ಅಡಗುತ್ತದೆ. ಇನ್ನೊಂದು ಮುಖ್ಯ ಸಂಗತಿಯೆಂದರೆ, ಈ ಸರ್ಕ್ಯೂಟು ಒಳಬರುವ ಸಂಕೇತಕ್ಕೆ ಒಡ್ಡುವ ತಡೆ ಬಹಳ ಕಡಿಮೆಯಾದ್ದರಿಂದ ಗಿಟಾರಿನ ಪಿಕಪ್ ಸುರುಳಿಯೂ ಸರ್ಕ್ಯೂಟಿನದೇ ಭಾಗವಾಗಿಬಿಡುತ್ತದೆ. ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಒರಟು ದನಿ ತಿಳಿಯಾಗಿ ಮಿನುಗುವ ಗುಣ, ಬಲ್ಲ ವಾದಕರು ಈ ಪೆಡಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚುವ ಗುಣ, ಬರುವುದು ಈ ಹೊಂದಾಣಿಕೆಯಿಂದ. ಫಝ್‌ಗಿಂತ ಮುಂಚೆ ಬಫರ್, ಅಂದರೆ ಸಂಕೇತಕ್ಕೆ ಬಲ ತುಂಬುವ ಸರ್ಕ್ಯೂಟಿರುವ ಬೇರೊಂದು ಪೆಡಲನ್ನು ಇಟ್ಟರೆ ಆ ಗುಣ ಮಾಯವಾಗಿ ದನಿ ಕರ್ಕಶವಾಗುತ್ತದೆ. ಪರಿಹಾರ ಪೆಡಲ್ ಬಿಚ್ಚುವುದರಲ್ಲಿ ಇಲ್ಲ, ಅದನ್ನು ಗಿಟಾರಿಗೆ ನೇರವಾಗಿ ಜೋಡಿಸುವುದರಲ್ಲಿದೆ. ಹಾಗೆಯೇ ಧನ ಗ್ರೌಂಡಿನ ಈ ಪೆಡಲನ್ನು ಋಣ ಗ್ರೌಂಡಿನ ಇತರ ಪೆಡಲುಗಳೊಂದಿಗೆ ಒಂದೇ ಅಡಾಪ್ಟರಿಗೆ ಸಿಕ್ಕಿಸಿದರೆ ಕೇಬಲಿನ ಹೊರ ಹೆಣಿಗೆಯ ಮೂಲಕ ಅಡಾಪ್ಟರ್ ಶಾರ್ಟ್ ಆಗುತ್ತದೆ. ಒಂದು ಮಿಲಿಆಂಪಿಯರಿಗಿಂತ ಕಡಿಮೆ ಎಳೆಯುವ ಸರ್ಕ್ಯೂಟಿಗೆ ಅಡಾಪ್ಟರಿನ ಅಗತ್ಯವೇ ಇಲ್ಲ. ನುಡಿಸಿದ ಮೇಲೆ ಪ್ಲಗ್ ಕಿತ್ತಿಡುವ ಅಭ್ಯಾಸವಿದ್ದರೆ ಒಂದು ಬ್ಯಾಟರಿ ತಿಂಗಳುಗಟ್ಟಲೆ ಬಾಳುತ್ತದೆ.

ಕರ್ನಾಟಕದಲ್ಲಿ ಜರ್ಮೇನಿಯಂ ಫಝ್ ಕಟ್ಟುವವರು ಎದುರಿಸಬೇಕಾದ ನಿಜವಾದ ಸವಾಲು ಬೇಸಿಗೆಕಾಲದ ಸೆಕೆ. ಜರ್ಮೇನಿಯಂನ ಸೋರಿಕೆ ಸ್ಥೂಲವಾಗಿ ಪ್ರತಿ ಹತ್ತು ಡಿಗ್ರಿ ಸೆಲ್ಸಿಯಸ್‌ಗೆ ಇಮ್ಮಡಿಯಾಗುತ್ತದೆ. ಬೆಂಗಳೂರಿನ ಒಂದು ಕೋಣೆಯಲ್ಲಿ 25 ಡಿಗ್ರಿಯಲ್ಲಿ 100 ಮೈಕ್ರೋಆಂಪಿಯರ್ ಸೋರುವ ಕಾಳು ಕಲಬುರಗಿಯ ಅಥವಾ ರಾಯಚೂರಿನ 40 ಡಿಗ್ರಿಯಲ್ಲಿ ಸುಮಾರು 280 ಮೈಕ್ರೋಆಂಪಿಯರ್ ಸೋರುತ್ತದೆ. ಮೊದಲ ಟ್ರಾನ್ಸಿಸ್ಟರಿಗೆ 33 ಕಿಲೋ ಓಮ್‌ನ ಮೂಲಕ ಬರುವ ಒಟ್ಟು ವಿದ್ಯುತ್ತೇ 250 ಮೈಕ್ರೋಆಂಪಿಯರ್ ಆದ್ದರಿಂದ, ಅಂಥ ದಿನ ಸೋರಿಕೆಯೊಂದೇ ಅದನ್ನೆಲ್ಲ ನುಂಗಿಹಾಕಿ ಎರಡನೆಯ ಟ್ರಾನ್ಸಿಸ್ಟರನ್ನು ಮುಚ್ಚಿಬಿಡುತ್ತದೆ. ಜೋರಾಗಿ ಮೀಟಿದಾಗ ಮಾತ್ರ ಒಂದಿಷ್ಟು ದನಿ ಸಿಡಿದು ಮರುಕ್ಷಣವೇ ಕತ್ತರಿಸಿದಂತೆ ನಿಲ್ಲುತ್ತದೆ. ಅದಕ್ಕಾಗಿ ಸೋರಿಕೆ ಅತಿ ಕಡಿಮೆಯಿರುವ ಕಾಳನ್ನು ಯಾವಾಗಲೂ ಮೊದಲ ಸ್ಥಾನಕ್ಕೆ ಆಯ್ದುಕೊಳ್ಳಬೇಕು, ಹೆಚ್ಚು ಸೋರುವುದನ್ನು ಎರಡನೆಯ ಸ್ಥಾನಕ್ಕೆ ಬಿಡಬಹುದು, ಅಲ್ಲಿ ಹಿನ್ನುಣಿಕೆ ಅದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಬಿ.ಸಿ. 108ರಂಥ ಸಿಲಿಕಾನ್ ಟ್ರಾನ್ಸಿಸ್ಟರುಗಳಿಗೆ ಈ ಸೋರಿಕೆಯ ಕಾಟವಿಲ್ಲ, ಅರವತ್ತರ ದಶಕ ಮುಗಿಯುವ ಮುನ್ನವೇ ಫಝ್ ಫೇಸ್‌ನ ತಯಾರಕರೂ ಸಿಲಿಕಾನಿಗೆ ತಿರುಗಿದರು. ಆದರೆ ಸಿಲಿಕಾನಿನ ಬೇಸ್ ಮತ್ತು ಎಮಿಟರ್ ನಡುವೆ 0.2ರ ಬದಲು 0.65 ವೋಲ್ಟು ನಿಲ್ಲುವುದರಿಂದ ಅದೇ ರೆಸಿಸ್ಟರುಗಳಿಟ್ಟರೆ ಎರಡನೆಯ ಕಲೆಕ್ಟರ್ 3 ವೋಲ್ಟಿಗಿಂತ ಕೆಳಗೆ ಇಳಿಯುತ್ತದೆ, ಅದನ್ನು ನಡುಮಧ್ಯಕ್ಕೆ ತರಲು ಕಲೆಕ್ಟರಿನ ಒಟ್ಟು ತಡೆಯನ್ನು ಸುಮಾರು 6 ಕಿಲೋ ಓಮ್‌ಗೆ ತಗ್ಗಿಸಬೇಕು. ಹೆಚ್ಚಿನ ಗೇನ್‌ನಿಂದಾಗಿ ದನಿಯೂ ಹೆಚ್ಚು ಚೂಪಾಗುತ್ತದೆ, ಗಿಟಾರಿನ ವಾಲ್ಯೂಮಿಗೆ ತಿಳಿಯಾಗುವ ಆ ಗುಣ ಕಡಿಮೆಯಾಗುತ್ತದೆ.

ಜರ್ಮೇನಿಯಂ ಬಿಡಲೊಲ್ಲದವರು 8.2 ಕಿಲೋ ಓಮ್‌ನ ಜಾಗದಲ್ಲಿ 20 ಕಿಲೋ ಓಮ್‌ನ ಟ್ರಿಮ್‌ಪಾಟ್, ಅಂದರೆ ಸ್ಕ್ರೂಡ್ರೈವರಿನಿಂದ ತಿರುಗಿಸುವ ಚಿಕ್ಕ ಹೊಂದಿಕೆಯ ರೆಸಿಸ್ಟರ್ ಇಟ್ಟು, ಪೆಟ್ಟಿಗೆಯ ಪಕ್ಕದಲ್ಲಿ ಅದನ್ನು ತಿರುಗಿಸಲು ಒಂದು ತೂತು ಕೊರೆಯುವುದು ಅತ್ಯಂತ ಪ್ರಯೋಜನಕಾರಿ ಬದಲಾವಣೆ. ಸೆಕೆ ಏರಿ ಎರಡನೆಯ ಟ್ರಾನ್ಸಿಸ್ಟರಿನ ವಿದ್ಯುತ್ತು ಅರ್ಧ ಮಿಲಿಆಂಪಿಯರಿನಿಂದ 0.35ಕ್ಕೆ ಇಳಿದರೂ, ಟ್ರಿಮ್‌ಪಾಟನ್ನು ಹನ್ನೆರಡೂವರೆ ಕಿಲೋ ಓಮ್‌ನ ಸುಮಾರಿಗೆ ಏರಿಸಿದರೆ ಕಲೆಕ್ಟರ್ ಮತ್ತೆ ನಾಲ್ಕೂವರೆ ವೋಲ್ಟಿಗೆ ಮರಳುತ್ತದೆ. ಮೀಟರ್ ಕೈಯಲ್ಲಿಲ್ಲದ ವೇದಿಕೆಯ ಮೇಲಾದರೆ ಕಿವಿಯನ್ನೇ ನೆಚ್ಚಬೇಕಾಗುತ್ತದೆ: ಒಂದು ಸ್ವರವನ್ನು ಮೀಟಿ ಅದು ತಾನಾಗಿ ಕರಗುವವರೆಗೆ ಕಾಯುತ್ತ, ಕೊನೆಯಲ್ಲಿ ಬಿಕ್ಕಿ ಕಡಿಯದೆ ನಯವಾಗಿ ಮುಗಿಯುವ ತನಕ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಮೊದಲ ಬಾರಿ ಹೊಂದಿಸಿದ ದಿನ ಮೊದಲನೆಯದರ ಕಲೆಕ್ಟರಿನಲ್ಲೂ ಎರಡನೆಯದರ ಕಲೆಕ್ಟರ್ ಮತ್ತು ಎಮಿಟರಿನಲ್ಲೂ ಕಂಡ ಮೂರು ವೋಲ್ಟೇಜುಗಳನ್ನು, ಎರಡು ಕಾಳುಗಳ ಗೇನ್ ಮತ್ತು ಸೋರಿಕೆಯನ್ನು, ಆ ದಿನದ ಕೋಣೆಯ ಉಷ್ಣತೆಯನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸಿಟ್ಟರೆ, ಹಲವು ವರ್ಷಗಳ ನಂತರ ಅದನ್ನು ಬಿಚ್ಚುವವರು ಅಳೆದ ಅಂಕಿಯನ್ನು ಅದರ ಪಕ್ಕದಲ್ಲಿಟ್ಟು ಯಾವ ಟ್ರಾನ್ಸಿಸ್ಟರ್ ಬದಲಾಗಿದೆ, ಯಾವುದು ಬದಲಾಗಿಲ್ಲ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ನಿರ್ಧರಿಸಬಹುದು.